ಮಿಕ್ಸರ್ ತೆಗೆದುಕೊಂಡವರೂ ಬಾಯಿ ಬಿಡುವಂತಾಗಲಿ: ವಿಮಾ ಪ್ರಾಧಿಕಾರಕ್ಕೆ ಹುಬ್ಬಳ್ಳಿಯಿಂದ ಬಹಿರಂಗ ಪತ್ರ

ಗೆ,
ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ,
ಹೈದರಾಬಾದ್.

ಹಾಗೆಯೇ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಪಾಲಿಸಿ ಮಾಡಿಸಿದ ಮತ್ತು ಮಾಡಿಸಬೇಕೆಂದಿರುವ ಎಲ್ಲರಿಗೂ.

ಮಾನ್ಯರೇ, ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಜೀವ ವಿಮೆ ಏಜೆಂಟ್. ಮುಖ್ಯವಾಗಿ ಒಂದು ವಿಷಯ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಪಾಲಿಸಿ ಮಾಡಿಸಿದ್ದಕ್ಕೋ, ಬೇರೆಯವರ ಹೆಸರು ಕೊಟ್ಟಿದ್ದಕ್ಕೋ ದುಡ್ಡು ಅಥವಾ ಸಾಮಾನು ತೆಗೆದುಕೊಂಡ ಸಾಮಾನ್ಯ ಜನ ಇದ್ದಾರೆ. ಅವರು ತಾವಾಗಿ ಮುಂದೆ ಬಂದು ನಡೆದದ್ದನ್ನು ಹೇಳಿದರೆ ಅವರ ಮೇಲೆ ದಂಡ ಹಾಕುವುದಿಲ್ಲ ಎಂದು ನೀವು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹಾಗೆ ಹೇಳುವವರೆಗೂ ಈ ದಂಧೆಯ ಬಗ್ಗೆ ನಿಮ್ಮ ಕಚೇರಿಗೆ ನಿಜ ತಲುಪುವುದು ಕಷ್ಟ.

ನಮ್ಮ ಕಡೆ ನಡೆಯುವುದು ಹೀಗೆ. ಸಂಕ್ರಾಂತಿ ಮುಗಿಯುತ್ತಿದ್ದಂತೆ ಮಾರ್ಚ್ ಕ್ಲೋಸಿಂಗ್ ಮಾತು ಶುರುವಾಗುತ್ತದೆ. ಕಂಪನಿಯಿಂದ ಶಾಖೆಗೆ ಟಾರ್ಗೆಟ್, ಶಾಖೆಯಿಂದ ಅಧಿಕಾರಿಗೆ, ಅಧಿಕಾರಿಯಿಂದ ಏಜೆಂಟರಿಗೆ. ಏಜೆಂಟರ ಹತ್ತಿರವೂ ಅದು ನಿಲ್ಲುವುದಿಲ್ಲ. ಸ್ವಸಹಾಯ ಸಂಘದ ಅಕ್ಕನ ಮನೆಗೆ ಹೋಗುತ್ತದೆ. ಸೊಸೈಟಿಯ ಕಾರ್ಯದರ್ಶಿ, ಕಿರಾಣಿ ಅಂಗಡಿಯ ಕಾಕಾ, ಝೆರಾಕ್ಸ್ ಅಂಗಡಿಯ ಹುಡುಗ, ಎಲ್ಲರ ಹತ್ತಿರವೂ ಹೋಗುತ್ತದೆ. "ಅಕ್ಕಾರ, ಹತ್ತು ಮಂದಿ ಹೆಸರು, ನಂಬರ್ ಕೊಡ್ರಿ. ಅದರಾಗ ಇಬ್ಬರು ಪಾಲಿಸಿ ಮಾಡಿಸಿದ್ರೂ ನಿಮಗೊಂದು ಮಿಕ್ಸರ್ ಗ್ಯಾರಂಟಿ." ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಜೋರಾಗಿ ಬರುವುದೂ ಇದೇ ಹೊತ್ತಿನಲ್ಲಿ. ರೈತರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ. ಯಾರ ಮನೆಗೆ ಎಷ್ಟು ಬಂತು ಎಂದು ಊರಲ್ಲಿ ಗೊತ್ತಿರುವವರ ಬಾಯಿಂದ ಹೆಸರು ಹೊರಡಿಸುವುದಕ್ಕೆ ಪೈಪೋಟಿ ನಡೆಯುತ್ತದೆ.

ಹೆಸರು ಸಿಕ್ಕ ಮೇಲೆ ಎರಡನೇ ಮಾತು. "ಮೊದಲನೇ ಕಂತು ನಾನ ತುಂಬತೀನ್ರಿ, ನೀವು ಸಹಿ ಅಷ್ಟ ಮಾಡ್ರಿ."

ಈ ಎರಡು ಮಾತೂ ಕಾನೂನಿನ ಪ್ರಕಾರ ತಪ್ಪು. ನಿಮಗೆ ಇದು ಗೊತ್ತು. ಈ ಪತ್ರ ಓದುವ ನಮ್ಮ ಊರಿನವರಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

1938ರ ವಿಮಾ ಕಾಯ್ದೆಯ 40ನೇ ಕಲಂ ಹೇಳುವುದು ಇಷ್ಟು: ವಿಮಾ ವ್ಯವಹಾರ ತಂದುಕೊಟ್ಟಿದ್ದಕ್ಕೆ ಕಮಿಷನ್ ಆಗಲಿ, ಬೇರೆ ಯಾವುದೇ ಪ್ರತಿಫಲ ಆಗಲಿ, ನೇಮಕಗೊಂಡ ಏಜೆಂಟ್ ಅಥವಾ ನೋಂದಾಯಿತ ಮಧ್ಯವರ್ತಿಗೆ ಮಾತ್ರ ಕೊಡಬೇಕು. ಬೇರೆ ಯಾರಿಗೂ ಕೊಡುವಂತಿಲ್ಲ. "ಬೇರೆ ಯಾವುದೇ ಪ್ರತಿಫಲ" ಎಂಬುದರಲ್ಲಿ ಮಿಕ್ಸರ್ ಬರುತ್ತದೆ, ಸೀರೆ ಬರುತ್ತದೆ, ಫೋನ್ ರೀಚಾರ್ಜ್ ಕೂಡ ಬರುತ್ತದೆ. ಮಿಕ್ಸರ್‌ಗೆ ಸಾವಿರವೋ ಎರಡು ಸಾವಿರವೋ, ಮೊತ್ತ ಸಣ್ಣದು ಅಂತ ಈ ಕಲಂನಲ್ಲಿ ರಿಯಾಯಿತಿ ಇಲ್ಲ.

41ನೇ ಕಲಂ ಪಾಲಿಸಿ ಮಾಡಿಸುವವರ ಬಗ್ಗೆ. ಪಾಲಿಸಿ ತೆಗೆದುಕೊಳ್ಳಲಿ, ನವೀಕರಿಸಲಿ, ಮುಂದುವರಿಸಲಿ ಎಂದು ಆಸೆ ತೋರಿಸಿ ಕಮಿಷನ್ನಿನಲ್ಲಿ ಪಾಲು ಕೊಡುವಂತಿಲ್ಲ, ಪ್ರೀಮಿಯಂನಲ್ಲಿ ಸೋಡಿ, ಅಂದರೆ ರಿಯಾಯಿತಿ, ಕೊಡುವಂತಿಲ್ಲ. ನೇರವಾಗಿಯೂ ಇಲ್ಲ, ಸುತ್ತು ಬಳಸಿಯೂ ಇಲ್ಲ. ಕಂಪನಿ ತನ್ನ ಮುದ್ರಿತ ಪಟ್ಟಿಯಲ್ಲಿ ಎಲ್ಲರಿಗೂ ಒಂದೇ ರೀತಿ ಪ್ರಕಟಿಸಿದ ರಿಯಾಯಿತಿ ಮಾತ್ರ ಬೇರೆ. ಉದಾಹರಣೆಗೆ, ವರ್ಷಕ್ಕೊಮ್ಮೆ ಕಂತು ಕಟ್ಟಿದರೆ ಸ್ವಲ್ಪ ಕಡಿಮೆ ಎಂದು ಪಟ್ಟಿಯಲ್ಲೇ ಇದ್ದರೆ ಅದು ಸರಿ. ಇದನ್ನು ಮೀರಿದರೆ ಹಿಂದೆ ದಂಡ ಬರೀ 500 ರೂಪಾಯಿವರೆಗೆ ಇತ್ತು. 2015ರ ತಿದ್ದುಪಡಿ ಅದನ್ನು 10 ಲಕ್ಷ ರೂಪಾಯಿವರೆಗೆ ಏರಿಸಿತು.

ಅದೇ ತಿದ್ದುಪಡಿ ಚೈನ್ ಲಿಂಕ್ ಮಾದರಿಯನ್ನೂ ನಿಷೇಧಿಸಿತು. ಒಬ್ಬರು ಇಬ್ಬರನ್ನು ಸೇರಿಸಿ, ಆ ಇಬ್ಬರು ನಾಲ್ವರನ್ನು ಸೇರಿಸಿ, ಮೇಲಿದ್ದವರಿಗೆಲ್ಲ ಪಾಲು ಹೋಗುವ ಯೋಜನೆಯಲ್ಲಿ ವಿಮೆ ಮಾರುವಂತಿಲ್ಲ. ಅದಕ್ಕೂ ಮೊದಲು 'ರೆಫರಲ್ ಕಂಪನಿ'ಗಳು ಇದ್ದವು. ಕೈಯಲ್ಲಿ ಗ್ರಾಹಕರ ಪಟ್ಟಿ ಇದ್ದ ಸಂಸ್ಥೆಗಳು ಅದನ್ನು ವಿಮಾ ಕಂಪನಿಗೆ ಕೊಟ್ಟು ಶುಲ್ಕ ಪಡೆಯುತ್ತಿದ್ದವು. 2010ರಲ್ಲಿ ನಿಮ್ಮ ಪ್ರಾಧಿಕಾರವೇ ಅದಕ್ಕೂ ನಿಯಮ ಮಾಡಿ, ಅನುಮತಿ ಕಡ್ಡಾಯ ಮಾಡಿತು. ಅಂದರೆ ದೊಡ್ಡವರ ಹೆಸರಿನ ವ್ಯಾಪಾರ ನಿಮ್ಮ ಕಣ್ಣಿಗೆ ಬಿದ್ದಿತ್ತು. ಓಣಿಯೊಳಗಿನ ಹೆಸರಿನ ವ್ಯಾಪಾರವೂ ಬೀಳಲಿ ಎಂಬುದು ನನ್ನ ಕೋರಿಕೆ.

ಈ ಕಾನೂನು ಸರಿಯಾಗಿದೆ ಎಂದು ನಾನು ಮನಸಾರೆ ನಂಬುತ್ತೇನೆ. ಕೆಲವು ಏಜೆಂಟ್ ಗೆಳೆಯರು ಕೇಳುತ್ತಾರೆ: ನನ್ನ ಕಮಿಷನ್, ನನ್ನ ದುಡ್ಡು, ನಾನು ಯಾರಿಗೆ ಬೇಕಾದರೂ ಕೊಡುತ್ತೇನೆ, ಇವರಿಗೇನು? ಕೇಳಲು ನ್ಯಾಯ ಅನಿಸುತ್ತದೆ, ಅಲ್ವಾ? ಆದರೆ ಆ ಕಮಿಷನ್ ಬರುವುದು ಪಾಲಿಸಿದಾರರು ಕಟ್ಟುವ ಪ್ರೀಮಿಯಂನಿಂದಲೇ. ಒಂದೇ ವಯಸ್ಸು, ಒಂದೇ ಪಾಲಿಸಿ, ಒಂದೇ ಮೊತ್ತ ಇರುವ ಇಬ್ಬರಲ್ಲಿ ಜಗ್ಗಾಡಿ ಕೇಳಿದವರಿಗೆ ಕಡಿಮೆ, ಸುಮ್ನೆ ನಂಬಿದವರಿಗೆ ಪೂರ್ತಿ ಬೆಲೆ. ಜಗ್ಗಾಡಿ ಕೇಳುವವರು ಯಾರು? ಕೊಪ್ಪಿಕರ್ ರಸ್ತೆಯ ವ್ಯಾಪಾರಿ ಕೇಳುತ್ತಾರೆ, ರೈಲ್ವೆಯಲ್ಲೋ ಸಾರಿಗೆ ಸಂಸ್ಥೆಯಲ್ಲೋ ಖಾಯಂ ಸಂಬಳ ಇರುವವರು ಕೇಳುತ್ತಾರೆ. ಕುಂದಗೋಳದ ಕೂಲಿ ಹೆಣ್ಣುಮಗಳು ಕೇಳುವುದಿಲ್ಲ. ಕೇಳಬಹುದು ಅಂತಲೂ ಆಕೆಗೆ ಗೊತ್ತಿಲ್ಲ.

ಕಮಿಷನ್ ಬಿಟ್ಟುಕೊಟ್ಟ ಏಜೆಂಟ್ ಆಮೇಲೆ ಆ ಮನೆಗೆ ಬರುವುದಿಲ್ಲ. ಇದು ನಾನು ಮತ್ತೆ ಮತ್ತೆ ನೋಡಿದ ವಿಷಯ. ಏಜೆಂಟ್ ಕೆಲಸ ಅಂದರೆ ಸಹಿ ಹಾಕಿಸುವುದಷ್ಟೇ ಅಲ್ಲ. ಕಂತಿನ ದಿನ ನೆನಪಿಸಬೇಕು, ನಾಮಿನಿ ಬದಲಾದರೆ ಫಾರಂ ತುಂಬಿಸಬೇಕು, ಮನೆಯಲ್ಲಿ ಸಾವಾದಾಗ ಮರಣ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಹಿಡಿದು ಶಾಖೆಗೆ ಜೊತೆಯಾಗಿ ಹೋಗಬೇಕು. ಮೊದಲ ವರ್ಷವೇ ತನ್ನ ದುಡಿಮೆಯನ್ನು ಕೊಟ್ಟು ಕೈ ಬರಿದು ಮಾಡಿಕೊಂಡವರು ಮುಂದಿನ ಮಾರ್ಚ್‌ಗೆ ಹೊಸ ಮನೆ ಹುಡುಕುತ್ತಾರೆ.

ಬೆಟಗೇರಿಯ ಒಂದು ನೇಕಾರರ ಮನೆಯ ವಿಷಯ ಹೇಳುತ್ತೇನೆ. ಹೆಸರು ಬೇಡ, ಕಂಪನಿಯ ಹೆಸರೂ ಬೇಡ. ವರ್ಷಕ್ಕೆ 24,000 ರೂಪಾಯಿ ಪ್ರೀಮಿಯಂ, ಆರು ತಿಂಗಳಿಗೊಮ್ಮೆ ಕಂತು. ಮೊದಲ 12,000 ಏಜೆಂಟರೇ ಕಟ್ಟಿದರು. ಆ ಮನೆಯ ಹೆಸರು ಕೊಟ್ಟ ಸಂಘದ ಹೆಣ್ಣುಮಗಳಿಗೆ ಒಂದು ಸಾಮಾನು ಬಂತು. ಆರು ತಿಂಗಳಾದ ಮೇಲೆ ಎರಡನೇ ಕಂತು ಬಂದಾಗ ಮಗ್ಗದಲ್ಲಿ ಕೆಲಸ ಕಡಿಮೆ. ತಡವಾಗಿ ಕಟ್ಟಲು ಕೊಡುವ 30 ದಿನದ ಗ್ರೇಸ್ ಅವಧಿಯೂ ಕಳೆಯಿತು. ಪಾಲಿಸಿ ಲ್ಯಾಪ್ಸ್ ಆಯಿತು, ಅಂದರೆ ಚಾಲ್ತಿ ತಪ್ಪಿತು. ಒಂದು ವರ್ಷದ ಪ್ರೀಮಿಯಂ ಕೂಡ ಪೂರ್ತಿ ಹೋಗಿಲ್ಲದ ಕಾರಣ ವಾಪಸ್ ಬರುವುದು ಏನೂ ಇಲ್ಲ. ನಮ್ಮದೇನು ಹೋಯಿತು, ಕಟ್ಟಿದ್ದು ಏಜೆಂಟ್ ತಾನೇ ಎಂದರು ಯಜಮಾನರು. ಹೋದದ್ದು ರಕ್ಷಣೆ. ಮನೆಗೆ ದುಡಿಯುವವರು ಅವರೊಬ್ಬರೇ. ವಿಮೆ ಇದೆ ಎಂದು ಮನೆಯವರು ತಿಳಿದಿದ್ದರು, ಇರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ಇದೆ. ಪುಕ್ಕಟೆ ಕಂತು ಅಂದ ಮೇಲೆ ಫಾರಂ ಬೇಗ ಬೇಗ ತುಂಬುತ್ತದೆ. ಸಕ್ಕರೆ ಕಾಯಿಲೆ ಇದೆಯಾ, ಆಪರೇಷನ್ ಆಗಿದೆಯಾ, ಎಲ್ಲಕ್ಕೂ ಇಲ್ಲ. ಪಾಲಿಸಿ ಆಗಿ ಮೂರು ವರ್ಷದೊಳಗೆ ಸಾವಾದರೆ ಕಂಪನಿ ಹಳೆಯ ಆಸ್ಪತ್ರೆ ಚೀಟಿ ಹುಡುಕುತ್ತದೆ. ಹಾಗೆ ಪ್ರಶ್ನಿಸಲು 45ನೇ ಕಲಂ ಮೂರು ವರ್ಷದವರೆಗೆ ಅವಕಾಶ ಕೊಟ್ಟಿದೆ. ಕ್ಲೇಮ್ ತಿರಸ್ಕಾರವಾದಾಗ ಕಷ್ಟ ಅನುಭವಿಸುವುದು ಹೆಂಡತಿ ಮಕ್ಕಳು. ಹೆಸರು ಕೊಟ್ಟವರು ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಾರೆ. ಅವರದೂ ತಪ್ಪಿಲ್ಲ, ಅವರಿಗೆ ಯಾರೂ ಏನೂ ಹೇಳಿಕೊಟ್ಟಿಲ್ಲ.

ಈ ಭಾಗದಲ್ಲಿ ಇದು ಇನ್ನೂ ಜಾಸ್ತಿ ನೋವು ಕೊಡುತ್ತದೆ. ಗದಗ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಊರಿನವರು ಊರಿನವರನ್ನು ನಂಬಿ ಹಣ ಇಟ್ಟರು. ಇವತ್ತಿಗೂ ಹಳ್ಳಿಯಲ್ಲಿ ಸೊಸೈಟಿ ಕಾರ್ಯದರ್ಶಿ ಒಂದು ಮಾತು ಹೇಳಿದರೆ ಜನ ಫಾರಂ ಓದುವುದಿಲ್ಲ. ಆ ಮಾತಿಗೆ ಕಂಪನಿಗಳು ಬೆಲೆ ಕಟ್ಟಿ ಕೊಳ್ಳುತ್ತಿವೆ. ಕೇಳುವವರಿಗೆ ಮಾತ್ರ, ಈ ಸಲಹೆಯ ಹಿಂದೆ ಮಿಕ್ಸರ್ ಇದೆ ಎಂದು ಗೊತ್ತಾಗುವುದೇ ಇಲ್ಲ. ಆತ್ಮೀಯತೆಯಿಂದ ಹೇಳಿದ ಮಾತು ಅಂದುಕೊಂಡು ಮುಂದಿನ 15, 20 ವರ್ಷದ ಕಂತಿಗೆ ಸಹಿ ಮಾಡುತ್ತಾರೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 41ನೇ ಕಲಂ ಕೊಡುವವರನ್ನು ಮಾತ್ರವಲ್ಲ, ತೆಗೆದುಕೊಳ್ಳುವವರನ್ನೂ ತಪ್ಪಿತಸ್ಥರು ಎನ್ನುತ್ತದೆ. ಪಾಲಿಸಿ ಮಾಡಿಸಿದವರು ಸೋಡಿ ಪಡೆದರೆ ಅವರಿಗೂ ಅದೇ ದಂಡದ ಭಯ. ಬೆಟಗೇರಿಯ ಆ ಮನೆಯವರಿಗೆ ದೂರು ಕೊಡಿ ಎಂದು ನಾನು ಹೇಳಿದೆ. ಅವರ ಮಗ ಡಿಗ್ರಿ ಓದುವ ಹುಡುಗ, ಫಾರಂ ಕೊನೆಗೆ ಇಂಗ್ಲಿಷ್‌ನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ 41ನೇ ಕಲಂ ಓದಿದ. "ಅಕ್ಕಾರ, ಇದರಾಗ ನಮಗೂ 10 ಲಕ್ಷ ದಂಡ ಅಂತ ಐತಲ್ರಿ" ಎಂದ. ನಾನು ಏನು ಹೇಳಲಿ? ಹೌದು ಎನ್ನಲೇಬೇಕಾಯಿತು. ದೂರು ಅಲ್ಲಿಗೇ ಮುಗಿಯಿತು.

ಹೀಗಾಗಿ ಕೊಟ್ಟ ಏಜೆಂಟ್ ಬಾಯಿ ಬಿಡುವುದಿಲ್ಲ, ತೆಗೆದುಕೊಂಡವರು ಬಿಡುವುದಿಲ್ಲ, ಹೆಸರು ಕೊಟ್ಟವರಂತೂ ಬಿಡುವುದೇ ಇಲ್ಲ. ಟಾರ್ಗೆಟ್ ಹಾಕಿದ ಶಾಖೆಯವರನ್ನು ಕೇಳುವವರೇ ಇಲ್ಲ. ಅವರ ಹೆಸರು ಯಾವ ಕಾಗದದಲ್ಲೂ ಬರುವುದಿಲ್ಲ.

ಕಾಯ್ದೆ ಬದಲಾಗಲಿ ಎಂದು ನಾನು ಕಾಯುತ್ತಾ ಕೂರಲು ಹೇಳುತ್ತಿಲ್ಲ. ಇರುವ ಕಾಯ್ದೆಯಲ್ಲೇ ದಾರಿ ಇದೆ. 2015ರಲ್ಲಿ ಸೇರಿಸಿದ 105ಡಿ ಕಲಂ, ದಂಡ ಎಷ್ಟು ಎಂದು ನಿರ್ಧರಿಸುವಾಗ ಮೂರು ವಿಷಯ ನೋಡಿ ಎನ್ನುತ್ತದೆ: ತಪ್ಪಿನಿಂದ ಎಷ್ಟು ಅನ್ಯಾಯದ ಲಾಭವಾಯಿತು, ಪಾಲಿಸಿದಾರರಿಗೆ ಎಷ್ಟು ನಷ್ಟವಾಯಿತು, ತಪ್ಪು ಮತ್ತೆ ಮತ್ತೆ ನಡೆದಿದೆಯೇ. ಮೊದಲ ಸಲ ಮೋಸ ಹೋಗಿ, ಕೊನೆಗೆ ಪಾಲಿಸಿಯನ್ನೂ ಕಳೆದುಕೊಂಡ ನೇಕಾರ ಈ ಮೂರರಲ್ಲಿ ಎಲ್ಲಿ ನಿಲ್ಲುತ್ತಾನೆ? ಪ್ರತಿ ಮಾರ್ಚ್‌ನಲ್ಲಿ ಇದನ್ನೇ ಮಾಡಿಸುವ ಶಾಖೆ ಎಲ್ಲಿ ನಿಲ್ಲುತ್ತದೆ? ಈ ಅಳತೆ ನಿಮ್ಮ ಕೈಯಲ್ಲೇ ಇದೆ. ತಾವಾಗಿ ಬಂದು ಹೇಳಿದ ಸಣ್ಣ ಗ್ರಾಹಕರಿಗೆ ದಂಡ ವಿಧಿಸುವುದಿಲ್ಲ ಎಂದು ಒಂದು ಸುತ್ತೋಲೆ ಹೊರಡಿಸಿ. ಅದು ಕನ್ನಡದಲ್ಲೂ ಬರಲಿ, ಫಾರಂನಲ್ಲಿ 41ನೇ ಕಲಂ ಇರುವ ಜಾಗದ ಪಕ್ಕದಲ್ಲೇ ಅಚ್ಚಾಗಲಿ. ಪ್ರಪೋಸಲ್ ಫಾರಂ ಇಂಗ್ಲಿಷ್‌ನಲ್ಲಿ ತುಂಬಿದರೆ, ನನಗೆ ಕನ್ನಡದಲ್ಲಿ ಓದಿ ಹೇಳಿದ್ದಾರೆ ಎಂದು ಗ್ರಾಹಕರಿಂದ ಸಹಿ ಹಾಕಿಸುತ್ತೇವೆ. ಆದರೆ 41ನೇ ಕಲಂ ಓದಿ ಹೇಳುವವರು ಎಷ್ಟು ಮಂದಿ? ಓದಿ ಹೇಳಿದರೆ ಕೆಲವರ ದಂಧೆಯೇ ನಿಲ್ಲುತ್ತದೆ.

ಜೊತೆಗೆ ಇನ್ನೂ ಕೆಲವು ಮಾತು. ಏನು ಕೊಡಬಹುದು, ಏನು ಕೊಡಬಾರದು ಎಂದು ಉದಾಹರಣೆ ಸಮೇತ ಹೇಳಿ. ಹೊಸ ವರ್ಷಕ್ಕೆ ಕ್ಯಾಲೆಂಡರ್, ಡೈರಿ ನಾವೆಲ್ಲ ಹಂಚುತ್ತೇವೆ. ಪಾಲಿಸಿ ಮಾಡಿಸಿದವರಿಗೂ ಮಾಡಿಸದವರಿಗೂ ಹಂಚುತ್ತೇವೆ, ಅದರ ಹಿಂದೆ ಯಾವ ಷರತ್ತೂ ಇಲ್ಲ. ದೀಪಾವಳಿಗೆ ಪರಿಚಯದವರ ಮನೆಗೆ ಫರಾಳದ ಡಬ್ಬಿ ಒಯ್ಯುತ್ತೇವೆ. ಇದಕ್ಕೂ, "ಇಬ್ಬರು ಪಾಲಿಸಿ ಮಾಡಿದರೆ ಮಿಕ್ಸರ್" ಎನ್ನುವುದಕ್ಕೂ ವ್ಯತ್ಯಾಸ ಇದೆ. ಆ ವ್ಯತ್ಯಾಸವನ್ನು ನೀವು ಬರೆದು ಕೊಟ್ಟರೆ ಪ್ರಾಮಾಣಿಕ ಏಜೆಂಟರಿಗೆ ಅಂಜಿಕೆ ಇರುವುದಿಲ್ಲ, ಉಳಿದವರಿಗೆ ನೆಪ ಇರುವುದಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಲೈಸೆನ್ಸ್ ಇಲ್ಲದವರು ಹೆಸರು ಸೂಚಿಸಿದರೆ ಒಂದು ಸಣ್ಣ, ನಿಗದಿತ ಮೊತ್ತ ಕೊಡಲು ಬಿಡುತ್ತಾರೆ. ಪಾಲಿಸಿ ಆದರೂ ಅಷ್ಟೇ, ಆಗದಿದ್ದರೂ ಅಷ್ಟೇ, ಪಾಲಿಸಿಯ ವಿವರದ ಬಗ್ಗೆ ಅವರು ಮಾತಾಡುವಂತಿಲ್ಲ. ನಮ್ಮಲ್ಲೂ ಹಾಗೆ ಮಾಡಿ ಎನ್ನುವವರು ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಂಘದಲ್ಲಿ ಸಾಲ ಕೊಡಿಸುವ ಅಕ್ಕನೇ ಹೆಸರು ಕೊಟ್ಟರೆ, ಆಕೆ ಬಾಯಿ ಬಿಟ್ಟು ಏನೂ ಹೇಳದಿದ್ದರೂ ಸದಸ್ಯೆಯರು ಇಲ್ಲ ಎನ್ನಲಾರರು.

ಬ್ಯಾಂಕ್‌ಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಗಟ್ಟಿಯಾಗಿ ಹೇಳಿದೆ. ವಿಮೆ ಮಾರುವ ಕೆಲಸದಲ್ಲಿರುವ ಬ್ಯಾಂಕ್ ಸಿಬ್ಬಂದಿಗೆ ವಿಮಾ ಕಂಪನಿಯಿಂದ ನಗದಾಗಲಿ, ಬೇರೆ ರೂಪದಲ್ಲಾಗಲಿ ಪ್ರೋತ್ಸಾಹಧನ ಹೋಗಬಾರದು ಎಂದು. ಸಹಕಾರಿ ಸೊಸೈಟಿ, ಸ್ವಸಹಾಯ ಸಂಘದವರ ಬಗ್ಗೆಯೂ ಅಷ್ಟೇ ಗಟ್ಟಿಯಾದ ಮಾತು ಕಂಪನಿಗಳಿಗೆ ಹೋಗಲಿ.

ಹೆಸರು ಕೊಡುವ ಹೆಣ್ಣುಮಕ್ಕಳನ್ನು ಕಳ್ಳರಂತೆ ನೋಡಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಅವರಲ್ಲಿ ಎಷ್ಟೋ ಮಂದಿಗೆ ಒಳ್ಳೆಯ ಏಜೆಂಟ್ ಆಗುವ ಶಕ್ತಿ ಇದೆ. ಮನೆ ಮನೆ ಗೊತ್ತು, ಮಾತು ಗೊತ್ತು, ಕಷ್ಟ ಗೊತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು, ದಾರಿ ಇದೆ. 2015ರಿಂದ ನೀವೇ ತಂದ ಪಾಯಿಂಟ್ ಆಫ್ ಸೇಲ್ಸ್ ಪರ್ಸನ್ ವ್ಯವಸ್ಥೆಯಲ್ಲಿ 15 ಗಂಟೆ ತರಬೇತಿ, ಒಂದು ಪರೀಕ್ಷೆ, ಆಮೇಲೆ ಸರಳ ಪಾಲಿಸಿಗಳನ್ನು ತಮ್ಮ ಹೆಸರಲ್ಲೇ ಮಾರಬಹುದು. ಹೆಣ್ಣುಮಕ್ಕಳನ್ನು ಏಜೆಂಟರನ್ನಾಗಿ ಮಾಡಲು 2024ರ ಡಿಸೆಂಬರ್‌ನಲ್ಲಿ ಶುರುವಾದ ಎಲ್‌ಐಸಿಯ ಬಿಮಾ ಸಖಿ ಯೋಜನೆಯಲ್ಲಿ ಮೊದಲ ವರ್ಷ ತಿಂಗಳಿಗೆ 7,000 ರೂಪಾಯಿವರೆಗೆ ಸ್ಟೈಪೆಂಡ್ ಇದೆ. ಆಗ ಅವರ ದುಡಿಮೆ ಲೆಕ್ಕದಲ್ಲಿ ಬರುತ್ತದೆ, ಪಾಲಿಸಿಯ ಮೇಲೆ ಯಾರು ಮಾರಿದರು ಎಂದು ಗುರುತು ಇರುತ್ತದೆ, ತಪ್ಪಾದರೆ ಕೇಳಲು ಒಬ್ಬರು ಇರುತ್ತಾರೆ. ಈಗ ಅವರ ಸಂಪರ್ಕದಿಂದ ಇನ್ನೊಬ್ಬರು ಕಮಿಷನ್ ಎಣಿಸುತ್ತಾರೆ, ಅವರಿಗೆ ಮಿಕ್ಸರ್. ರಾಣೆಬೆನ್ನೂರು, ಲಕ್ಷ್ಮೇಶ್ವರ, ನವಲಗುಂದದಂಥ ಊರುಗಳಿಗೆ ಈ ತರಬೇತಿ ಕನ್ನಡದಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಹಾಲ್‌ನಲ್ಲಿ ನಡೆಯುವಂತೆ ಕಂಪನಿಗಳಿಗೆ ಹೇಳಿ.

ಇನ್ನು ನಮ್ಮ ಊರಿನವರಿಗೆ.

ಗೆಳತಿಗೆ "ಈ ಪಾಲಿಸಿ ಚೆನ್ನಾಗಿದೆ, ನೋಡು" ಎಂದು ಪ್ರೀತಿಯಿಂದ ಹೇಳುವುದು ತಪ್ಪಲ್ಲ. ಅದಕ್ಕೆ ಪ್ರತಿಫಲ ಪಡೆಯುವುದು ತಪ್ಪು. ಇನ್ನೊಬ್ಬರ ಫೋನ್ ನಂಬರ್ ಕೊಡುವ ಮುಂಚೆ ಅವರನ್ನು ಒಂದು ಮಾತು ಕೇಳಿ. ಮೊದಲ ಕಂತು ನಾನು ಕಟ್ಟುತ್ತೇನೆ ಎಂದು ಯಾರಾದರೂ ಬಂದರೆ, ಎರಡನೇ ಕಂತು, ಮೂರನೇ ಕಂತು, ಹತ್ತನೇ ವರ್ಷದ ಕಂತು ನಿಮ್ಮಿಂದ ಆಗುತ್ತದೆಯೇ ಎಂದು ಲೆಕ್ಕ ಹಾಕಿ. ಆಗುವುದಿಲ್ಲ ಅನಿಸಿದರೆ ಸಹಿ ಮಾಡಬೇಡಿ. ಸಣ್ಣದಾಗಿ ಶುರು ಮಾಡಬೇಕು ಅಂದರೆ ನಿಮ್ಮ ಬ್ಯಾಂಕಿಗೆ ಹೋಗಿ. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಯಾವುದೇ ಕಾರಣದಿಂದ ಸಾವಾದರೂ 2 ಲಕ್ಷ. ಪ್ರಧಾನಮಂತ್ರಿ ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ. ಇದನ್ನು ಮಾಡಿಸಿದರೆ ನನ್ನಂಥ ಏಜೆಂಟರಿಗೆ ಏನೂ ಬರುವುದಿಲ್ಲ. ಆದರೂ ಮೊದಲು ಇದನ್ನೇ ಮಾಡಿಸಿ.

ಪಾಲಿಸಿ ಬಾಂಡ್ ಕೈಗೆ ಬಂದು 30 ದಿನ ಆಗಿಲ್ಲದಿದ್ದರೆ, ಬೇಡ ಅನಿಸಿದರೆ ವಾಪಸ್ ಕೊಡಬಹುದು. ಸ್ಟ್ಯಾಂಪ್ ಶುಲ್ಕ, ವೈದ್ಯಕೀಯ ಪರೀಕ್ಷೆಯ ಖರ್ಚು, ಅಷ್ಟು ದಿನದ ರಕ್ಷಣೆಯ ಮೊತ್ತ ಹಿಡಿದು ಉಳಿದ ಹಣ ಕೊಡುತ್ತಾರೆ. ಲ್ಯಾಪ್ಸ್ ಆಗಿದ್ದರೆ ಹೆಚ್ಚಿನ ಪಾಲಿಸಿಗಳನ್ನು ಐದು ವರ್ಷದೊಳಗೆ ಮತ್ತೆ ಚಾಲ್ತಿ ಮಾಡಿಸಬಹುದು. ಶಾಖೆಗೆ ನೀವೇ ಹೋಗಿ ಕೇಳಿ, ಏಜೆಂಟರಿಗಾಗಿ ಕಾಯಬೇಡಿ. ದೂರು ಇದ್ದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ಕೊಡಿ. ಅಲ್ಲಿ ಆಗದಿದ್ದರೆ ಪ್ರಾಧಿಕಾರದ ದೂರು ವ್ಯವಸ್ಥೆ ಬಿಮಾ ಭರೋಸಾ ಇದೆ, 155255ಕ್ಕೆ ಫೋನ್ ಮಾಡಬಹುದು. ನಮ್ಮ ರಾಜ್ಯಕ್ಕೆ ಬೆಂಗಳೂರಿನಲ್ಲಿ ದೂರು ಕೇಳಿ ತೀರ್ಮಾನ ಮಾಡುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ವಕೀಲರ ಖರ್ಚಿಲ್ಲ.

ಅಧ್ಯಕ್ಷರೇ, ಈ ಸಹಾಯವಾಣಿಗೆ ಫೋನ್ ಮಾಡಿದವರು "ನಾನೂ ಸ್ವಲ್ಪ ದುಡ್ಡು ತೆಗೆದುಕೊಂಡಿದ್ದೆ" ಎಂದು ಹೇಳಿದರೆ ಆ ಕಡೆಯಿಂದ ಏನು ಉತ್ತರ ಬರಬೇಕು ಎಂಬುದನ್ನು ನೀವು ಈಗಲೇ ತೀರ್ಮಾನಿಸಿ. ನಿಮ್ಮಿಂದ ಆ ಮಾತು ಬಂದ ದಿನ ಬೆಟಗೇರಿಯ ಆ ಮನೆಯವರ ದೂರನ್ನು ಬರೆದುಕೊಡಲು ನಾನು ಸಿದ್ಧ. ಹುಬ್ಬಳ್ಳಿ-ಧಾರವಾಡದಲ್ಲಿ ಬೇರೆ ಯಾರಿಗಾದರೂ ಫಾರಂ ಓದಿ ಹೇಳಬೇಕಿದ್ದರೂ ಓದಿ ಹೇಳುತ್ತೇನೆ. ಪಾಲಿಸಿ ನನ್ನ ಹತ್ತಿರ ಮಾಡಿಸಿರಬೇಕು ಅಂತೇನಿಲ್ಲ.

ಇತಿ,
ಹುಬ್ಬಳ್ಳಿಯ ಒಬ್ಬ ವಿಮಾ ಏಜೆಂಟ್